ಟ್ರೌಟ್‌ಗೆ ಯಾವ ಬಣ್ಣದ ಲೂರ್? ತೀರ್ಥನ್ ಹೊಳೆಯ ಲೆಕ್ಕದಲ್ಲಿ ಒಂದು ಹೋಲಿಕೆ

ಕಾವೇರಿ ದಂಡೆಯಲ್ಲಿ ರಾಗಿಹಿಟ್ಟಿನ ಉಂಡೆ ಕಟ್ಟಿಕೊಂಡು ಮಹಶೀರ್‌ಗೆ ಕಾದ ಹಳಬರಿಗೆ ಬಣ್ಣದ ಚಿಂತೆ ಇರಲಿಲ್ಲ. ಉಂಡೆ ನೀರಲ್ಲಿ ಕರಗುತ್ತ ವಾಸನೆ ಬಿಡುತ್ತಿತ್ತು, ಮೀನು ಆ ಜಾಡು ಹಿಡಿದು ಬರುತ್ತಿತ್ತು. ಟ್ರೌಟ್ ಅನ್ನುವ ತಣ್ಣೀರಿನ ಮೀನಿಗೆ ಲೋಹದ ಲೂರ್, ಅಂದರೆ ಕೊಕ್ಕೆ ಇರುವ ನಕಲಿ ಎರೆ, ಎಸೆಯುವವರಿಗೆ ಆ ಅನುಕೂಲ ಇಲ್ಲ. ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಕಾಣಬೇಕು, ಅಲುಗಬೇಕು, ಅಷ್ಟರಲ್ಲೇ ಮೀನು ನಂಬಬೇಕು. ಹಿಮಾಚಲಕ್ಕೆ ಹೊರಟ ಬೆಂಗಳೂರಿನ ಗೆಳೆಯರು ರಾಡ್ ಬಗ್ಗೆ ಕೇಳುವ ಮೊದಲೇ ‘ಯಾವ ಕಲರ್ ತಗೊಳ್ಳೋದು?’ ಅಂತ ಕೇಳುವುದು ಇದಕ್ಕೇ. ಅಂಗಡಿಯ ಪುಟ ತೆರೆದರೆ ಒಂದೇ ಸ್ಪಿನ್ನರ್ (ಎಳೆದಾಗ ಬ್ಲೇಡು, ಅಂದರೆ ಸಣ್ಣ ಲೋಹದ ತಗಡು, ಗಿರಗಿರ ತಿರುಗುವ ಲೂರ್), ಒಂದೇ ತೂಕ, ಬಣ್ಣ ಮಾತ್ರ ಹತ್ತಾರು. ಒಂದೊಂದಕ್ಕೂ ನೂರಾರು ರೂಪಾಯಿ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಸೊಂಟದಾಳದ ಬೆಟ್ಟದ ಹೊಳೆಗೆ ಮೂರು ಸಾಕು: ಚಿನ್ನದ ಬಣ್ಣದ ಬ್ಲೇಡು, ಮಂಕಾದ ತಾಮ್ರ ಅಥವಾ ಕಪ್ಪು, ಒಂದು ರೇಡಿಯಂ ಬಣ್ಣದ್ದು. ಎಲ್ಲರೂ ಮೊದಲು ಕೊಳ್ಳುವ ಬೆಳ್ಳಿ ನನ್ನ ಪಟ್ಟಿಯಲ್ಲಿ ನಾಲ್ಕನೆಯದು. ಯಾಕೆ ಅನ್ನುವುದಕ್ಕೆ ನೀರು, ಬೆಳಕು, ಟ್ರೌಟ್‌ನ ಕಣ್ಣು ಮೂರನ್ನೂ ನೋಡಬೇಕು.

ಹೋಲಿಕೆಗೆ ನಾನು ಇಟ್ಟುಕೊಂಡಿರುವುದು ಕುಲು ಜಿಲ್ಲೆಯ ತೀರ್ಥನ್ ಹೊಳೆ. ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಹಿಮದ ನೀರು ಹೊತ್ತು ಗುಶೈನಿ, ನಾಗಿನಿ, ಬಂಜಾರ್ ದಾಟಿ ಲಾರ್ಜಿಯಲ್ಲಿ ಬಿಯಾಸ್ ಸೇರುವ ಹೊಳೆ ಅದು. ಟ್ರೌಟ್ ಅಲ್ಲಿಯ ಮೂಲ ಮೀನಲ್ಲ. 1900ರ ಆಸುಪಾಸಿನಲ್ಲಿ ಬ್ರಿಟನ್‌ನಿಂದ ಕಾಶ್ಮೀರಕ್ಕೆ ಬಂದ ಕಂದು ಟ್ರೌಟ್, 1909ರಲ್ಲಿ ಮೊಟ್ಟೆಗಳ ರೂಪದಲ್ಲಿ ಕುಲು ಕಣಿವೆಗೆ ಬಂತು. ಈಗ ಅದು ಹೊಳೆಯಲ್ಲೇ ಹುಟ್ಟಿ ಬೆಳೆಯುವ ಕಾಡುಮೀನು. ಇದರ ಜೊತೆ ಸಾಕಣೆ ಕೇಂದ್ರಗಳ ಸಿಮೆಂಟ್ ತೊಟ್ಟಿಗಳಿಂದ ತಪ್ಪಿಸಿಕೊಂಡ ರೇನ್‌ಬೋ ಟ್ರೌಟ್‌ಗಳೂ ಅಲ್ಲಲ್ಲಿ ಸಿಗುತ್ತವೆ. ಇವೆರಡರ ಸ್ವಭಾವ ಬೇರೆ ಬೇರೆ. ಬಣ್ಣದ ಆಯ್ಕೆಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಕೆಂಪು ಮಾಯವಾಗುತ್ತದೆ ಅನ್ನುವ ಮಾತು

ಲೂರ್ ಬಣ್ಣದ ಬಗ್ಗೆ ಎಲ್ಲಿ ಓದಿದರೂ ಸಿಗುವ ಮೊದಲ ಪಾಠ: ನೀರೊಳಗೆ ಕೆಂಪು ಮೊದಲು ಮಾಯವಾಗುತ್ತದೆ, ನೀಲಿ ಕೊನೆಯವರೆಗೆ ಉಳಿಯುತ್ತದೆ. ಇದು ನಿಜವೇ. ಶುದ್ಧ ನೀರಿನಲ್ಲೂ ಕೆಂಪು ಬೆಳಕು 2 ಮೀಟರ್ ಸಾಗುವಷ್ಟರಲ್ಲಿ ಸುಮಾರು ಅರ್ಧ ಹೀರಿಹೋಗಿರುತ್ತದೆ. 5 ಮೀಟರ್ ಸಾಗಿದರೆ ಐದರಲ್ಲಿ ಒಂದು ಪಾಲು ಉಳಿದರೆ ಹೆಚ್ಚು. ಅದೇ 5 ಮೀಟರ್‌ನಲ್ಲಿ ನೀಲಿ ಹೆಚ್ಚುಕಮ್ಮಿ ಪೂರ್ತಿ ಉಳಿದಿರುತ್ತದೆ.

ಆದರೆ ಈ ಪಾಠ ಬಂದಿರುವುದು ಸಮುದ್ರ ಮತ್ತು ದೊಡ್ಡ ಸರೋವರಗಳಿಂದ. ತೀರ್ಥನ್‌ನಲ್ಲಿ ನಾವು ಲೂರ್ ಎಳೆಯುವ ಆಳ ಮೊಣಕಾಲಿನಿಂದ ಎದೆಮಟ್ಟದವರೆಗೆ. ಮಡುಗಳಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ ಇರಬಹುದು. ಇಲ್ಲಿ ಲೆಕ್ಕ ಹಾಕಬೇಕಾದದ್ದು ಆಳ ಒಂದನ್ನೇ ಅಲ್ಲ. ಬೆಳಕು ಮೇಲಿನಿಂದ ಲೂರ್‌ಗೆ ಇಳಿದು, ಅಲ್ಲಿಂದ ಅಡ್ಡಲಾಗಿ ಮೀನಿನ ಕಣ್ಣಿಗೆ ಹೋಗಬೇಕು. ಒಂದು ಮೀಟರ್ ಕೆಳಗೆ, ಒಂದು ಮೀಟರ್ ಅಡ್ಡ ಅಂದರೆ ಒಟ್ಟು ಎರಡು ಮೀಟರ್ ದಾರಿ. ಅಷ್ಟರಲ್ಲಿ ಕೆಂಪು ಚುಕ್ಕೆ ಮಂಕಾಗಿ ಕಡುಗೆಂಪಾಗಿ ಕಾಣುತ್ತದೆ, ಕಪ್ಪಂತೂ ಆಗುವುದಿಲ್ಲ. ಹಾಗಾಗಿ ‘ಕೆಂಪು ದಂಡ, ನೀಲಿ ತಗೊಳ್ಳಿ’ ಅನ್ನುವ ಸಲಹೆಯನ್ನು ಸಣ್ಣ ಹೊಳೆಯಲ್ಲಿ ಪಾಲಿಸಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ತಿಳಿನೀರು ಸುತ್ತಲೂ ನೀಲಿ-ಹಸಿರಾಗಿರುವಾಗ ಅದೇ ಬಣ್ಣದ ಲೂರ್ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ.

ನೀರಿನ ಬಣ್ಣ ಬದಲಾದರೆ ಈ ಕ್ರಮವೇ ತಲೆಕೆಳಗಾಗುತ್ತದೆ. ಕೊಳೆತ ಎಲೆಗಳ ರಸ ಬೆರೆತು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ ನೀರಿನಲ್ಲಿ ಮೊದಲು ಸಾಯುವುದು ನೀಲಿ. ಅಲ್ಲಿ ಕಿತ್ತಳೆ, ಕೆಂಪು, ತಾಮ್ರದ ಬಣ್ಣಗಳೇ ದೂರದವರೆಗೆ ಕಾಣುತ್ತವೆ. ಪಾಚಿ ಹೆಚ್ಚಿದ ಕೆರೆಯಂಥ ನೀರಿನಲ್ಲಿ ಹಸಿರು, ಹಳದಿ ಉಳಿದುಕೊಳ್ಳುತ್ತವೆ. ಹಿಮ ಕರಗಿದ ನೀರಿನದು ಇನ್ನೊಂದು ಕಥೆ. ಬಂಡೆ ಸವೆದ ನುಣ್ಣನೆಯ ಪುಡಿ ಅದರಲ್ಲಿ ತೇಲುತ್ತಿರುತ್ತದೆ. ಅದು ಬೆಳಕನ್ನು ಹೀರುವುದಕ್ಕಿಂತ ಎಲ್ಲ ಕಡೆ ಚದುರಿಸುವುದೇ ಹೆಚ್ಚು. ಮಂಜಿನಲ್ಲಿ ಬರುವ ಬಸ್ಸಿನ ಬಣ್ಣ ಗೊತ್ತಾಗದೆ ಬರೀ ಆಕಾರ ಕಾಣುತ್ತದಲ್ಲ, ಹಾಗೆ. ಅಂಥ ನೀರಿನಲ್ಲಿ ಬಣ್ಣದ ಹೆಸರು ಮುಖ್ಯವಾಗುವುದಿಲ್ಲ, ಕಪ್ಪೋ ಬಿಳುಪೋ ಅನ್ನುವುದು ಮುಖ್ಯವಾಗುತ್ತದೆ.

ಟ್ರೌಟ್‌ಗೆ ಏನು ಕಾಣುತ್ತದೆ

ಟ್ರೌಟ್‌ಗೆ ಬಣ್ಣ ಚೆನ್ನಾಗಿಯೇ ಕಾಣುತ್ತದೆ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋನ್ ಕೋಶಗಳು ಮೂರು ಬಗೆ. ಎಳೆಯ ಟ್ರೌಟ್‌ಗೆ ನಾಲ್ಕು. ನಾಲ್ಕನೆಯದು ಅತಿನೇರಳೆ ಕಿರಣಗಳಿಗೆ. ಮೀನು ಬೆಳೆದಂತೆ ಈ ನಾಲ್ಕನೆಯ ಬಗೆ ಬಹುಪಾಲು ಕಳೆದುಹೋಗುತ್ತದೆ. ಹಾಗಾಗಿ ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ‘ಯುವಿ’ ಅಂತ ಬರೆದು ನಾಲ್ಕು ಕಾಸು ಹೆಚ್ಚು ಕೇಳುವ ಲೂರ್‌ಗೆ ಅಂಗೈಯಗಲದ ಮರಿಗಳು ಮರುಳಾದಾವು, ನಿಮಗೆ ಬೇಕಾದ ದೊಡ್ಡ ಮೀನಿನ ಮೇಲೆ ಅದರ ಪ್ರಭಾವ ಕಡಿಮೆ.

ಮುಸ್ಸಂಜೆಯಲ್ಲಿ ಕಣ್ಣಿನೊಳಗೆ ಒಂದು ಪಾಳಿ ಬದಲಾವಣೆ ನಡೆಯುತ್ತದೆ. ಟ್ರೌಟ್‌ಗೆ ರೆಪ್ಪೆಯಿಲ್ಲ, ಪಾಪೆಯನ್ನು ನಮ್ಮಂತೆ ಹಿಗ್ಗಿಸಿ ಕುಗ್ಗಿಸಲಾರದು. ಬದಲಿಗೆ ಬೆಳಕು ಇಳಿದಂತೆ ಕೋನ್ ಕೋಶಗಳು ಹಿಂದೆ ಸರಿದು, ಮಬ್ಬುಬೆಳಕಿನ ರಾಡ್ ಕೋಶಗಳು ಮುಂದೆ ಬರುತ್ತವೆ. ಇದು ನಿಧಾನಕ್ಕೆ ಆಗುವ ಕೆಲಸ. ಅದು ಮುಗಿದ ಮೇಲೆ ಮೀನಿಗೆ ಬಣ್ಣ ಇಲ್ಲ, ಬರೀ ನೆರಳು-ಬೆಳಕು. ಹೊತ್ತು ಮುಳುಗಿದ ಮೇಲೂ ಗುಲಾಬಿಯೋ ಕಿತ್ತಳೆಯೋ ಅಂತ ಪೆಟ್ಟಿಗೆ ತಡಕಾಡುವವರನ್ನು ಕಂಡರೆ ನನಗೆ ಪಾಪ ಅನಿಸುತ್ತದೆ.

ಇನ್ನೊಂದು ಸಂಗತಿ ಲೂರ್ ಆಯ್ಕೆಗೆ ನೇರವಾಗಿ ತಾಗುವಂಥದ್ದು. ನೀರೊಳಗಿಂದ ಮೇಲೆ ನೋಡುವ ಮೀನಿಗೆ ಆಕಾಶ ಪೂರ್ತಿ ಹರಡಿಕೊಂಡು ಕಾಣುವುದಿಲ್ಲ. ಸುಮಾರು 97 ಡಿಗ್ರಿ ಕೋನದ ಒಂದು ದುಂಡನೆಯ ಕಿಟಕಿಯೊಳಗೆ ಹೊರಗಿನ ಪ್ರಪಂಚವೆಲ್ಲ ಅಡಕವಾಗಿರುತ್ತದೆ. ಒಂದು ಮೀಟರ್ ಆಳದಲ್ಲಿ ನಿಂತ ಮೀನಿಗೆ ಆ ಕಿಟಕಿಯ ಅಗಲ ಎರಡೂಕಾಲು ಮೀಟರ್ ಆಸುಪಾಸು. ಅದರಾಚೆಗೆ ನೀರಿನ ಮೇಲ್ಮೈ ಕನ್ನಡಿಯಾಗಿ ಹೊಳೆಯ ತಳವನ್ನೇ ತೋರಿಸುತ್ತದೆ.

ಹಾಗಾದರೆ ಮೀನಿನ ತಲೆಯ ಮೇಲೆ ಹಾದುಹೋಗುವ ಲೂರ್ ಬೆಳ್ಳನೆಯ ಆಕಾಶಕ್ಕೆ ಎದುರಾಗಿ ಕಪ್ಪು ನೆರಳಿನಂತೆ ಕಾಣುತ್ತದೆ, ಅದಕ್ಕೆ ನೀವು ಯಾವ ಬಣ್ಣ ಬಳಿದಿದ್ದರೂ ಅಷ್ಟೇ. ಮೀನಿನ ಮಟ್ಟದಲ್ಲೇ, ಸ್ವಲ್ಪ ದೂರದಲ್ಲಿ ಅಡ್ಡ ಹಾಯುವ ಲೂರ್‌ಗೆ ಮಾತ್ರ ಕಂದು-ಹಸಿರು ಹಿನ್ನೆಲೆ ಸಿಗುತ್ತದೆ. ಬಣ್ಣಕ್ಕೆ ಬೆಲೆ ಬರುವುದು ಅಲ್ಲಿ. ಲೂರ್ ಸರಿಯಾದ ಆಳಕ್ಕೆ ಇಳಿಯದಿದ್ದರೆ ಬಣ್ಣದ ಚರ್ಚೆಯೇ ದಂಡ.

ಬೆಳ್ಳಿ, ಚಿನ್ನ, ತಾಮ್ರ

ಸ್ಪಿನ್ನರ್ ಕೊಳ್ಳುವವರ ನಿಜವಾದ ಗೊಂದಲ ಈ ಮೂರರ ನಡುವೆ. ಒಡಲಿನ ಚುಕ್ಕೆ, ಬಾಲದ ಗರಿ ಎಲ್ಲ ಆಮೇಲೆ. ದೂರದಿಂದ ಮೀನಿಗೆ ಮೊದಲು ಕಾಣುವುದು ತಿರುಗುವ ಬ್ಲೇಡು.

ಬೆಳ್ಳಿ ಬಣ್ಣದ ಬ್ಲೇಡು ಕನ್ನಡಿ. ಕನ್ನಡಿಗೆ ಸ್ವಂತ ಬಣ್ಣ ಇಲ್ಲ, ಎದುರಿಗೆ ಇರುವುದನ್ನೇ ತೋರಿಸುತ್ತದೆ. ಹಸಿರು ನೀರಿನಲ್ಲಿ ಹಸಿರು, ಬಂಡೆಯ ನೆರಳಲ್ಲಿ ಬೂದು. ಬಹಳಷ್ಟು ಸಣ್ಣ ಮೀನುಗಳ ಮೈ ಬೆಳ್ಳಗಿರುವುದು ಹೀಗೆ ಅಡಗಿಕೊಳ್ಳಲಿಕ್ಕೇ. ಬಿಸಿಲು ನೇರ ಬಿದ್ದು, ಬ್ಲೇಡು ಅದನ್ನು ಮೀನಿನ ಕಡೆಗೆ ಚಿಮ್ಮಿಸಿದಾಗ ಮಾತ್ರ ಫಳ್ ಎನ್ನುತ್ತದೆ. ಆ ಹೊಳಪು ಜೋರು, ಕೆಲವೊಮ್ಮೆ ಅತಿ ಜೋರು. ಅಗಲವಾದ, ಬಿಸಿಲು ಬೀಳುವ, ಮೇಲ್ಮೈ ಅಲೆಯಾಡುವ ನೀರಿನಲ್ಲಿ, ಬೆಳ್ಳಗಿನ ಸಣ್ಣ ಮೀನನ್ನು ಟ್ರೌಟ್ ಅಟ್ಟುತ್ತಿರುವಾಗ ಬೆಳ್ಳಿಗೆ ಸಮ ಇನ್ನೊಂದಿಲ್ಲ. ಆದರೆ ತೀರ್ಥನ್ ಕಡಿದಾದ ಕಣಿವೆಯ ಹೊಳೆ. ಬೆಳಗ್ಗೆ ಬಿಸಿಲು ನೀರಿಗೆ ಇಳಿಯುವುದು ತಡ, ಸಂಜೆ ಬೆಟ್ಟದ ಹಿಂದೆ ಜಾರುವುದು ಬೇಗ. ಗಾಳಕ್ಕೆ ಒಳ್ಳೆಯ ಹೊತ್ತಿನಲ್ಲೆಲ್ಲ ಹೊಳೆ ನೆರಳಲ್ಲಿರುತ್ತದೆ, ಆ ನೆರಳಲ್ಲಿ ಬೆಳ್ಳಿ ಬರೀ ಬೂದಿ.

ಚಿನ್ನದ ಬಣ್ಣ, ಅಂದರೆ ಹಿತ್ತಾಳೆಯ ಬ್ಲೇಡು, ಎದುರಿಗೆ ಇರುವುದನ್ನು ಹಾಗೇ ಹಿಂತಿರುಗಿಸುವುದಿಲ್ಲ. ನೀಲಿಯನ್ನು ನುಂಗಿ ಹಳದಿ-ಕಿತ್ತಳೆಯನ್ನು ಬಿಡುತ್ತದೆ. ಹಾಗಾಗಿ ನೀಲಿ-ಹಸಿರು ನೀರಿನಲ್ಲಿ ನೆರಳಿದ್ದರೂ ಹಿನ್ನೆಲೆಯಿಂದ ಬೇರೆಯಾಗಿ ಕಾಣುತ್ತದೆ. ಬಿಸಿಲು ಬಂದರೆ ಹೊಳೆಯುತ್ತದೆ, ಆದರೆ ಬೆಳ್ಳಿಯ ಹಾಗೆ ಕಣ್ಣಿಗೆ ಹೊಡೆಯುವುದಿಲ್ಲ. ಕಂದು ಟ್ರೌಟ್ ಮರಿಯ ಮೈಯೇ ಬೆಣ್ಣೆ-ಜೇನಿನ ಬಣ್ಣ, ಅದಕ್ಕೂ ಇದು ಹೊಂದುತ್ತದೆ. ಮೋಡದ ದಿನ, ಸ್ವಲ್ಪ ಕದಡಿದ ನೀರು, ಬೆಳಗಿನ ಮೊದಲ ಎರಡು ತಾಸು, ಹೀಗೆ ಅತಿ ಹೆಚ್ಚು ಸಂದರ್ಭಗಳಲ್ಲಿ ತಪ್ಪಾಗದ ಆಯ್ಕೆ ಇದೇ. ಒಂದೇ ಒಂದು ತಗೊಳ್ಳಿ ಅಂದರೆ ನಾನು ಕಣ್ಣು ಮುಚ್ಚಿ ಚಿನ್ನದ ಬ್ಲೇಡು, ಕಪ್ಪು ಒಡಲಿನದು ಎತ್ತಿಕೊಳ್ಳುತ್ತೇನೆ.

ತಾಮ್ರ ಎಲ್ಲಕ್ಕಿಂತ ಮೆತ್ತಗಿನದು. ಹೊಸದಾಗಿರುವಾಗ ಕೆಂಪು-ಕಿತ್ತಳೆ ಹೊಳಪು, ಹಳತಾದರೆ ಕಂದು. ಡಿಕಾಕ್ಷನ್ ಬಣ್ಣದ ನೀರಿಗೆ ಹೇಳಿ ಮಾಡಿಸಿದ್ದು. ತೀರ್ಥನ್‌ನಲ್ಲಿ ಅಂಥ ನೀರು ಕಮ್ಮಿ, ಆದರೂ ಅದಕ್ಕೆ ಅಲ್ಲಿ ಬೇರೆ ಕೆಲಸ ಇದೆ: ಹೆದರಿದ ಮೀನಿಗೆ. ಅಕ್ಟೋಬರ್‌ನ ತಿಳಿ ಮಡುವಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಬಂಡೆಯ ಬುಡದಿಂದ ಕಂದು ಟ್ರೌಟ್ ಒಂದು ಹೊರಬರುತ್ತದೆ, ಹೊಳೆಯುವ ಬ್ಲೇಡಿನ ಹಿಂದೆ ಒಂದು ಗೇಣು ಅಂತರ ಕಾಯ್ದುಕೊಂಡು ಮೂರ್ನಾಲ್ಕು ಮಾರು ಹಿಂಬಾಲಿಸುತ್ತದೆ. ಕಿವಿರು ಅಗಲವಾಗುತ್ತದೆ, ಈಗ ಕಚ್ಚಿತು ಅನ್ನುವಷ್ಟರಲ್ಲಿ ಪಕ್ಕಕ್ಕೆ ವಾಲಿ, ಹೊಟ್ಟೆಯ ಹಳದಿ ಒಮ್ಮೆ ತೋರಿಸಿ, ಬಂದ ದಾರಿಯಲ್ಲೇ ವಾಪಸ್. ಅದೇ ಬ್ಲೇಡನ್ನು ಮತ್ತೆ ಎಸೆದರೆ ಎರಡನೆಯ ಸಲ ಅರ್ಧ ದಾರಿಗೇ ತಿರುಗುತ್ತದೆ, ಮೂರನೆಯ ಸಲ ಕದಲುವುದೂ ಇಲ್ಲ. ಹಿಂಬಾಲಿಸಿತು ಅಂದರೆ ಕಂಡಿದೆ, ಇಷ್ಟವೂ ಆಗಿದೆ, ಹತ್ತಿರ ಬಂದಾಗ ಅನುಮಾನ ಬಂದಿದೆ ಅಂತ ಅರ್ಥ. ಆಗ ಇನ್ನೂ ಬೆಳಗುವ ಬಣ್ಣ ಹಾಕುವುದು ತಿರುಗಾಮುರುಗಾ ದಾರಿ. ಆ ಮೀನನ್ನು ಹತ್ತು ನಿಮಿಷ ಬಿಟ್ಟು, ಒಂದು ಸೈಜ್ ಚಿಕ್ಕದಾದ ಮಂಕು ತಾಮ್ರ ಹಾಕಿ, ಬೇರೆ ಕೋನದಿಂದ ಎಸೆಯಬೇಕು.

ಮೂರೂ ಲೋಹಗಳನ್ನು ಬೇರೆ ಬೇರೆ ಕೊಳ್ಳಲೇಬೇಕು ಅಂತಿಲ್ಲ. ಬರೀ ತಾಮ್ರ, ಹಿತ್ತಾಳೆಯ ಬ್ಲೇಡುಗಳು ಒಂದು ಸೀಸನ್‌ನಲ್ಲೇ ಮಂಕಾಗುತ್ತವೆ. ಹೊಳಪು ಬೇಕಾದಾಗ ಒಂದು ಚೂರು ಹುಣಸೆಹಣ್ಣಿಗೆ ಉಪ್ಪು ಬೆರೆಸಿ ತಿಕ್ಕಿದರೆ ದೇವರ ಮನೆಯ ಪಾತ್ರೆಯಂತೆಯೇ ಬೆಳಗುತ್ತವೆ. ಕೊಕ್ಕೆಗೆ ತಾಗದಂತೆ ನೋಡಿಕೊಳ್ಳಿ, ಚೆನ್ನಾಗಿ ತೊಳೆದು ಒರೆಸಿ, ಇಲ್ಲದಿದ್ದರೆ ಕೊಕ್ಕೆ ತುಕ್ಕು ಹಿಡಿಯುತ್ತದೆ. ಬರೀ ಬಣ್ಣದ ಲೇಪ ಅಥವಾ ವಾರ್ನಿಶ್ ಇರುವ ಬ್ಲೇಡುಗಳಿಗೆ ಈ ಉಪಾಯ ನಡೆಯುವುದಿಲ್ಲ. ಉಲ್ಟಾ ಕೆಲಸಕ್ಕೆ, ಅಂದರೆ ಬೆಳ್ಳಿಯ ಹೊಳಪು ಇಳಿಸಲು, ಕಪ್ಪು ಪರ್ಮನೆಂಟ್ ಮಾರ್ಕರ್ ಸಾಕು. ಬ್ಲೇಡಿನ ಒಳಮೈಗೆ ಪೂರ್ತಿ ಕಪ್ಪು ಬಳಿದರೆ, ತಿರುಗುವಾಗ ಒಮ್ಮೆ ಹೊಳಪು ಒಮ್ಮೆ ಕತ್ತಲು ಬಂದು ಮಿಣುಕಿದಂತಾಗುತ್ತದೆ. ನಾಲ್ಕನೆಯ ಸ್ಥಾನದ ಬೆಳ್ಳಿ ಈ ವೇಷದಲ್ಲಿ ಎರಡನೆಯ ಸ್ಥಾನಕ್ಕೆ ಬರುತ್ತದೆ.

ಕಪ್ಪು

ಅಂಗಡಿಯಲ್ಲಿ ಯಾರೂ ಕೈಹಾಕದ ಬಣ್ಣ. ನೋಡಲು ಚೆಂದವಿಲ್ಲ, ಫೋಟೊದಲ್ಲಿ ಸತ್ತ ಜೀರುಂಡೆಯಂತೆ ಇರುತ್ತದೆ. ಆದರೆ ಕಿಟಕಿಯ ಲೆಕ್ಕ ನೆನಪಿಸಿಕೊಳ್ಳಿ: ಆಕಾಶದಲ್ಲಿ ಚೂರು ಬೆಳಕು ಉಳಿದಿರುವವರೆಗೆ, ಕೆಳಗಿನಿಂದ ನೋಡುವ ಮೀನಿಗೆ ಅತಿ ಸ್ಪಷ್ಟವಾಗಿ ಕಾಣುವುದು ಕಪ್ಪು. ಬ್ಲೇಡೂ ಕಪ್ಪು, ಒಡಲೂ ಕಪ್ಪು ಇರುವ ಸ್ಪಿನ್ನರ್ ಮುಸ್ಸಂಜೆಗೆ, ದಟ್ಟ ಮೋಡಕ್ಕೆ, ಮಳೆಯ ಹೊತ್ತಿಗೆ ನನ್ನ ಮೊದಲ ಆಯ್ಕೆ. ಇದನ್ನು ಮೀನಿಗಿಂತ ಮೇಲೆ, ಮೇಲ್ಮೈಗೆ ಹತ್ತಿರವಾಗಿ ಎಳೆಯಬೇಕು. ತಳಕ್ಕೆ ಇಳಿಸಿದರೆ ಕಪ್ಪು ಬಂಡೆಗಳ ನಡುವೆ ಕಾಣದೆ ಹೋಗುತ್ತದೆ. ಚಿನ್ನದ ಬ್ಲೇಡಿನ ಜೊತೆ ಕಪ್ಪು ಒಡಲು ಇರಲಿ ಅಂತ ಮೇಲೆ ಹೇಳಿದ್ದೂ ಇದಕ್ಕೇ. ಹೊಳಪು ಮೀನನ್ನು ಕರೆಯುತ್ತದೆ, ಕಪ್ಪು ಒಡಲು ಕಚ್ಚಬೇಕಾದ ಜಾಗವನ್ನು ತೋರಿಸುತ್ತದೆ.

ರೇಡಿಯಂ ಬಣ್ಣಗಳು

ಗಿಳಿಹಸಿರು-ಹಳದಿ, ಮಿಂಚುವ ಕಿತ್ತಳೆ, ಬಿಸಿ ಗುಲಾಬಿ. ನಮ್ಮಲ್ಲಿ ಬೈಕಿನ ಸ್ಟಿಕರ್‌ನಿಂದ ಹಿಡಿದು ಎಲ್ಲವನ್ನೂ ರೇಡಿಯಂ ಅಂದುಬಿಡುತ್ತೇವೆ. ಇವು ಸಾಮಾನ್ಯ ಬಣ್ಣದಂತೆ ತನ್ನ ಪಾಲಿನ ಬೆಳಕನ್ನಷ್ಟೇ ಹಿಂತಿರುಗಿಸಿ ಸುಮ್ಮನಾಗುವುದಿಲ್ಲ. ಕಣ್ಣಿಗೆ ಕಾಣದ ಅತಿನೇರಳೆಯನ್ನೂ ನೀಲಿಯನ್ನೂ ಹೀರಿ ಹಳದಿ, ಕಿತ್ತಳೆಯಾಗಿ ಹೊರಬಿಡುತ್ತವೆ. ಹಾಗಾಗಿ ಸುತ್ತಲಿನ ಎಲ್ಲಕ್ಕಿಂತ ಬೆಳಗಿ ಕಾಣುತ್ತವೆ. ಸಾಧಾರಣ ಕೆಂಪು ಕಪ್ಪಾಗುವ ಆಳದಲ್ಲೂ ರೇಡಿಯಂ ಕಿತ್ತಳೆ ತನ್ನ ಬಣ್ಣ ಬಿಟ್ಟುಕೊಡುವುದಿಲ್ಲ.

ಇವು ಯಾವಾಗ ಬೇಕು? ಬಗ್ಗಡ ನೀರಿಗೆ. ಮೇ-ಜೂನ್‌ನಲ್ಲಿ ಹಿಮ ಕರಗುವಾಗ ಹೊಳೆಗೆ ದಿನವೂ ಒಂದು ಏರಿಳಿತ ಇರುತ್ತದೆ. ರಾತ್ರಿಯ ಚಳಿಗೆ ಕರಗುವುದು ಕಮ್ಮಿಯಾಗಿ ಬೆಳಗ್ಗೆ ನೀರು ತಿಳಿ, ಮಧ್ಯಾಹ್ನದ ಬಿಸಿಲಿಗೆ ಕರಗಿದ್ದು ಬಂದು ಸೇರಿ ಸಂಜೆಯ ಹೊತ್ತಿಗೆ ಮಬ್ಬು. ಬೆಳಗ್ಗೆ ಚಿನ್ನ, ಮಧ್ಯಾಹ್ನದ ಮೇಲೆ ಗಿಳಿಹಸಿರು ಅನ್ನುವ ಸರಳ ಕ್ರಮ ಆ ತಿಂಗಳುಗಳಿಗೆ ಸರಿಹೋಗುತ್ತದೆ. ಮಳೆಗಾಲದ ಕೆಂಪು ನೀರಿನಲ್ಲಿ ಗೇಣುದ್ದ ಆಚೆ ಏನೂ ಕಾಣದಿದ್ದಾಗ ಬಣ್ಣದ ಜೊತೆ ಬ್ಲೇಡಿನ ಆಕಾರವನ್ನೂ ಬದಲಿಸಿ. ಅಗಲ ಎಲೆಯಂಥ ಬ್ಲೇಡು ನಿಧಾನ ತಿರುಗಿ ನೀರನ್ನು ಜೋರಾಗಿ ಬಡಿಯುತ್ತದೆ. ಆ ಕಂಪನವನ್ನು ಟ್ರೌಟ್ ಮೈಯುದ್ದಕ್ಕೂ ಇರುವ ಪಾರ್ಶ್ವರೇಖೆಯಿಂದ ಗುರುತಿಸಿ ಹತ್ತಿರ ಬರುತ್ತದೆ, ಕೊನೆಯ ಒಂದು ಅಡಿಗೆ ಮಾತ್ರ ಕಣ್ಣು. ಪ್ರವಾಹದ ನೀರು ಬಂದಾಗ ಮಾತ್ರ ದಂಡೆ ಬಿಟ್ಟು ಚಹಾ ಕುಡಿಯಲು ಹೋಗುವುದು ಉತ್ತಮ. ಅಲ್ಲಿಯ ಹೊಳೆಗಳು ಏರುವ ವೇಗ ನಮ್ಮ ಮಲೆನಾಡಿನ ಹಳ್ಳಗಳಿಗಿಂತ ಜಾಸ್ತಿ.

ರೇಡಿಯಂಗೆ ಇನ್ನೊಂದು ಗಿರಾಕಿ ಸಾಕಣೆಯಿಂದ ತಪ್ಪಿಸಿಕೊಂಡ ರೇನ್‌ಬೋ. ಹುಟ್ಟಿದಾಗಿನಿಂದ ತೊಟ್ಟಿಯ ಮೇಲಿಂದ ಬೀಳುವ ಕಾಳು ತಿಂದು ಬೆಳೆದ ಮೀನಿಗೆ ಹೊಳೆಯಲ್ಲಿ ಯಾವುದು ಆಹಾರ, ಯಾವುದು ಅಲ್ಲ ಅನ್ನುವ ಪಾಠ ಆಗಿರುವುದಿಲ್ಲ. ಎದ್ದು ಕಾಣುವ ಏನನ್ನಾದರೂ ಬಾಯಿಗೆ ಹಾಕಿ ನೋಡುತ್ತದೆ. ಸಾಕಣೆ ಕೇಂದ್ರದ ನೀರು ಹೊಳೆಗೆ ಸೇರುವ ಜಾಗದ ಕೆಳಗೆ ಕಿತ್ತಳೆ, ಗುಲಾಬಿ ಕೆಲಸ ಮಾಡುವುದನ್ನು ನೋಡಿ, ‘ಗುಲಾಬಿಯೇ ಟ್ರೌಟ್ ಬಣ್ಣ’ ಅಂತ ತೀರ್ಮಾನಿಸಿ ಅದನ್ನೇ ಹಿಡಿದುಕೊಂಡು ಮೇಲಿನ ಕಾಡುಹೊಳೆಗೆ ಹೋದವರು ಬರಿಗೈಯಲ್ಲಿ ಇಳಿದು ಬರುತ್ತಾರೆ. ತಿಳಿನೀರಿನ ಕಂದು ಟ್ರೌಟ್‌ಗೆ ರೇಡಿಯಂ ಗುಲಾಬಿ ಅಂದರೆ ಅಪಾಯದ ದೀಪ.

ಮೀನಿನ ವೇಷದ ಲೂರ್

ಸ್ಪಿನ್ನರ್ ಹೊಳಪಿನಿಂದ ಕೆರಳಿಸುತ್ತದೆ. ಮಿನ್ನೋ ಅಥವಾ ಪ್ಲಗ್ ಅನ್ನುವ ಬಗೆ ನಿಜವಾದ ಮರಿಮೀನಿನ ವೇಷ ಹಾಕುತ್ತದೆ. ಈ ಬಗೆಯನ್ನು ಜಗತ್ತಿಗೆ ಹಬ್ಬಿಸಿದವನು ಫಿನ್ಲೆಂಡ್‌ನ ಬೆಸ್ತ ಲೌರಿ ರಾಪಾಲಾ. 1936ರಲ್ಲಿ ಅವನು ಕೈಯಲ್ಲಿ ಕೆತ್ತಿದ ಮೊದಲ ಲೂರ್‌ನ ಒಡಲು ಬಿರಡೆ, ಅಂದರೆ ಕಾರ್ಕ್. ಹೊಳಪಿಗೆ ಚಾಕೊಲೆಟ್ ಸುತ್ತಿದ ತಗಡಿನ ಹಾಳೆ, ಅದರ ಮೇಲೆ ಲೇಪಕ್ಕೆ ಕರಗಿಸಿದ ಫೋಟೊ ನೆಗೆಟಿವ್. ಬಣ್ಣಗಳ ಮೇಳ ನಡೆಸುವ ಈಗಿನ ಪೆಟ್ಟಿಗೆಗಳನ್ನು ನೋಡುವಾಗ ನನಗೆ ಆ ಚಾಕೊಲೆಟ್ ಹಾಳೆ ನೆನಪಾಗುತ್ತದೆ.

ತೀರ್ಥನ್‌ಗೆ 3ರಿಂದ 5 ಸೆಂಟಿಮೀಟರ್‌ನ ಮುಳುಗುವ ಮಿನ್ನೋ ಸಾಕು. ಬಣ್ಣದಲ್ಲಿ ಎರಡು ಆಯ್ಕೆ ಮುಂದಿರುತ್ತವೆ. ಒಂದು ಕಂದು ಟ್ರೌಟ್ ಮರಿಯ ವೇಷ: ಕಂದು ಬೆನ್ನು, ಹಳದಿ ಹೊಟ್ಟೆ, ಕೆಂಪು-ಕಪ್ಪು ಚುಕ್ಕೆ. ಇನ್ನೊಂದು ಬೂದು ಬೆನ್ನು, ಬೆಳ್ಳಿ ಪಕ್ಕೆ. ಈ ಎರಡನೆಯದು ಆ ಹೊಳೆಗಳ ಮೂಲನಿವಾಸಿಯಾದ ಸ್ನೋ ಟ್ರೌಟ್‌ನ ಮರಿಗೆ ಹತ್ತಿರ. ಹೆಸರಲ್ಲಿ ಟ್ರೌಟ್ ಇದ್ದರೂ ಅದು ನಮ್ಮ ಗೆಂಡೆ ಮೀನಿನ ಬಳಗದ್ದು. ಎರಡರಲ್ಲಿ ನಾನು ಕಂದು ವೇಷವನ್ನೇ ಆರಿಸುತ್ತೇನೆ, ಮುಖ್ಯವಾಗಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ. ಕಂದು ಟ್ರೌಟ್ ಮೊಟ್ಟೆಯಿಡುವುದು ಚಳಿ ಶುರುವಾದ ಮೇಲೆ. ಅದಕ್ಕೆ ಮುಂಚಿನ ವಾರಗಳಲ್ಲಿ ದೊಡ್ಡ ಗಂಡುಗಳು ತಮ್ಮ ಜಾಗಕ್ಕೆ ಬಂದ ಸ್ವಂತ ಜಾತಿಯ ಮರಿಯನ್ನೂ ಅಟ್ಟಿ ಕಚ್ಚುತ್ತವೆ. ಆಗ ಹಸಿವಿಲ್ಲದ ಮೀನೂ ಬಾಯಿ ಹಾಕುತ್ತದೆ. ಹಿಮಾಚಲದಲ್ಲಿ ನವೆಂಬರ್ 1ರಿಂದ ಫೆಬ್ರುವರಿ ಕೊನೆಯವರೆಗೆ ಟ್ರೌಟ್ ನೀರುಗಳಿಗೆ ಗಾಳ ನಿಷೇಧ, ಕಾರಣ ಅದೇ ಮೊಟ್ಟೆಯ ಕಾಲ. ಉಳಿದ ತಿಂಗಳುಗಳಲ್ಲೂ ಮೀನುಗಾರಿಕೆ ಇಲಾಖೆಯ ಪರವಾನಗಿ ಕೈಯಲ್ಲಿರಲಿ.

ಕೆಂಪು ಚುಕ್ಕೆ, ಕೆಂಪು ಉಣ್ಣೆಯ ಬಾಲ, ಕೆಂಪು ಕೊಕ್ಕೆ ಇವುಗಳ ಬಗ್ಗೆ ಉದ್ದ ವಾದಗಳಿವೆ. ಇದ್ದರೆ ಇರಲಿ, ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ.

ಹೊಳೆಯ ಪಕ್ಕದಲ್ಲಿ ನಿಂತಾಗ

ಬಣ್ಣ ಆರಿಸುವ ಮೊದಲು ಲೂರನ್ನು ಕಾಲ ಬಳಿಯ ನೀರಿಗೆ ಇಳಿಸಿ, ನಿಧಾನ ಆಳಕ್ಕೆ ಬಿಡಿ. ಯಾವ ಆಳದಲ್ಲಿ ಅದು ಕಣ್ಣಿಂದ ಮರೆಯಾಗುತ್ತದೆ ನೋಡಿ. ಎದೆಮಟ್ಟದ ಆಳದಲ್ಲೂ ಸ್ಪಷ್ಟ ಕಾಣುತ್ತಿದ್ದರೆ ತಿಳಿನೀರು: ತಾಮ್ರ, ಕಂದು ವೇಷ, ಸಣ್ಣ ಸೈಜ್. ಮೊಣಕಾಲಿನ ಆಳದಲ್ಲಿ ಮಸುಕಾದರೆ ಚಿನ್ನ. ಮೊಣಕೈ ಮುಳುಗುವಷ್ಟರಲ್ಲೇ ಕಾಣೆಯಾದರೆ ರೇಡಿಯಂ ಅಥವಾ ಕಪ್ಪು, ಅಗಲ ಬ್ಲೇಡು. ಆಮೇಲೆ ತಲೆಯೆತ್ತಿ ನೀರಿನ ಮೇಲೆ ಬಿಸಿಲು ಇದೆಯೋ ನೆರಳೋ ನೋಡಿ. ಇಷ್ಟಕ್ಕೆ ಎರಡು ನಿಮಿಷ ಸಾಕು.

ಮೀನು ಬರುತ್ತಿಲ್ಲ ಅಂದರೆ ಏನನ್ನು ಮೊದಲು ಬದಲಿಸಬೇಕು ಅನ್ನುವುದರಲ್ಲಿ ನನಗೆ ಖಚಿತ ಅಭಿಪ್ರಾಯ ಇದೆ. ಮೊದಲು ಆಳ ಮತ್ತು ವೇಗ. ನೀರಿನ ಹರಿವಿಗೆ ಅಡ್ಡ ಎಸೆದು, ಬ್ಲೇಡು ತಿರುಗುತ್ತಿದೆ ಅಂತ ರಾಡ್ ತುದಿಯ ನಡುಕದಲ್ಲಿ ಗೊತ್ತಾಗುವಷ್ಟೇ ನಿಧಾನ ಎಳೆಯಬೇಕು. ಆಮೇಲೆ ಸೈಜ್. ಮೆಪ್ಸ್ ಅಗ್ಲಿಯಾ ಅನ್ನುವ ಹೆಸರಿನ ಸ್ಪಿನ್ನರ್‌ನ ಲೆಕ್ಕದಲ್ಲಿ 1ನೇ ನಂಬರ್ ಸುಮಾರು 3.5 ಗ್ರಾಂ, 0 ನಂಬರ್ 2.5 ಗ್ರಾಂ. ಈ ಒಂದು ಗ್ರಾಮ್‌ನ ವ್ಯತ್ಯಾಸ ಬಹಳ ಸಲ ಮೂರು ಬಣ್ಣಗಳ ವ್ಯತ್ಯಾಸಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಬಣ್ಣ ಮೂರನೆಯದು. ಅದನ್ನು ಬದಲಿಸುವಾಗಲೂ ಚಿನ್ನದಿಂದ ಬೆಳ್ಳಿಗೆ ಹೋಗುವುದು ಬದಲಾವಣೆಯೇ ಅಲ್ಲ. ಹೊಳಪಿನಿಂದ ಮಂಕಿಗೆ, ಬೆಳಕಿನಿಂದ ಕಪ್ಪಿಗೆ ಹೋಗಬೇಕು. ಮೀನಿಗೆ ಬೇರೆ ಏನೋ ಬಂತು ಅನಿಸಬೇಕಲ್ಲ.

ಬೇರೆ ನೀರುಗಳಲ್ಲಿ

ಕರ್ನಾಟಕಕ್ಕೆ ಅತಿ ಹತ್ತಿರದ ಟ್ರೌಟ್ ಇರುವುದು ನೀಲಗಿರಿಯಲ್ಲಿ. ಅವಲಾಂಚಿಯಲ್ಲಿ 1907ರಲ್ಲಿ ಮೊಟ್ಟೆಕೇಂದ್ರ ಶುರುವಾದ ಮೇಲೆ ಅಲ್ಲಿ ನೆಲೆಗೊಂಡದ್ದು ರೇನ್‌ಬೋ. ಶೋಲಾ ಕಾಡು, ಹುಲ್ಲುಗಾವಲಿನ ಜೌಗು ನೆಲದಿಂದ ಬಸಿದು ಬರುವ ತೊರೆಗಳ ನೀರಿಗೆ ಕಂದು ಛಾಯೆ ಇದ್ದರೆ ತಾಮ್ರ, ಕಿತ್ತಳೆಗಳ ಲೆಕ್ಕ ಅಲ್ಲಿಗೆ ಹೊಂದುತ್ತದೆ.

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರ ಪ್ರಶ್ನೆ ಬೇರೆ. ಅಲ್ಲಿಯ ಬಹಳಷ್ಟು ಕೆರೆಗಳಿಗೆ ಸಾಕಿದ ರೇನ್‌ಬೋಗಳನ್ನು ಲಾರಿಯಲ್ಲಿ ತಂದು ಬಿಡುತ್ತಾರೆ. ಬಿಟ್ಟ ಮೊದಲ ದಿನಗಳಲ್ಲಿ ರೇಡಿಯಂ ಗುಲಾಬಿ, ಗಿಳಿಹಸಿರು ಯಾವುದೂ ನಡೆಯುತ್ತದೆ. ವಾರಗಳು ಕಳೆದಂತೆ, ಎಲ್ಲರ ಲೂರ್ ನೋಡಿ ಮೀನು ಚುರುಕಾದಂತೆ, ಚಿನ್ನಕ್ಕೂ ಮಂಕು ಬಣ್ಣಕ್ಕೂ ಇಳಿಯಿರಿ. 16 ತುಂಬಿದವರಿಗೆಲ್ಲ ಅಲ್ಲಿ ಪರವಾನಗಿ ಕಡ್ಡಾಯ. ಟಾಹೋ ಸರೋವರ ಮಾತ್ರ ಈ ಇಡೀ ಬರಹದ ಲೆಕ್ಕಕ್ಕೆ ಹೊರಗಿನದು. 1968ರಲ್ಲಿ ಅಳತೆ ಶುರುವಾದಾಗ ಅಲ್ಲಿ ಬಿಳಿ ತಟ್ಟೆಯೊಂದು ಸರಾಸರಿ 31 ಮೀಟರ್ ಆಳದವರೆಗೆ ಕಾಣುತ್ತಿತ್ತು, ಈಚಿನ ವರ್ಷಗಳಲ್ಲಿ 20 ಮೀಟರ್ ಆಸುಪಾಸಿಗೆ ಇಳಿದಿದೆ. ಅಷ್ಟು ಆಳದಲ್ಲಿ ಲೇಕ್ ಟ್ರೌಟ್‌ಗೆ ದೋಣಿಯಿಂದ ಲೂರ್ ಎಳೆಯುವವರಿಗೆ ‘ಕೆಂಪು ಮಾಯ’ ಅನ್ನುವ ಪಾಠ ಅಕ್ಷರಶಃ ನಿಜ. ಅಲ್ಲಿ ಬಿಳಿ, ಬೆಳ್ಳಿ, ಕತ್ತಲಲ್ಲೂ ಬೆಳಗುವ ಲೇಪ, ಇಷ್ಟೇ ಉಳಿಯುವುದು. ನನ್ನ ನಾಲ್ಕನೆಯ ಸ್ಥಾನದ ಬೆಳ್ಳಿಗೆ ಅಲ್ಲಿ ಒಂದನೆಯ ಸ್ಥಾನ.

ಕೊಳ್ಳುವಾಗ

ಮೊದಲ ಸಲ ತೀರ್ಥನ್‌ಗೋ ಹಿಮಾಚಲದ್ದೇ ಆದ ಬರೋಟ್‌ನ ಊಹ್ಲ್ ಹೊಳೆಗೋ ಹೊರಟವರಿಗೆ: ಚಿನ್ನದ ಬ್ಲೇಡು-ಕಪ್ಪು ಒಡಲು 1ನೇ ನಂಬರ್, ತಾಮ್ರ 0 ನಂಬರ್, ಗಿಳಿಹಸಿರು ಒಡಲಿನ ಅಗಲ ಬ್ಲೇಡು 2ನೇ ನಂಬರ್. ಬಜೆಟ್ ಇದ್ದರೆ ಕಂದು ಟ್ರೌಟ್ ವೇಷದ ಒಂದು ಮಿನ್ನೋ. ಜೇಬಲ್ಲಿ ಕಪ್ಪು ಮಾರ್ಕರ್, ಕೊಕ್ಕೆಯ ಹಿಮ್ಮುಳ್ಳು ಒತ್ತಲು ಒಂದು ಸಣ್ಣ ಇಕ್ಕಳ. ಹಿಮ್ಮುಳ್ಳು ಚಪ್ಪಟೆ ಮಾಡಿದರೆ ಬಿಡಬೇಕಾದ ಮೀನನ್ನು ನೀರಲ್ಲೇ ಇಟ್ಟು ಬಿಡಿಸಬಹುದು.

ಇನ್ನೂ ಒಂದಕ್ಕೆ ದುಡ್ಡು ಉಳಿದಿದ್ದರೆ ಹೊಸ ಬಣ್ಣ ಹುಡುಕಬೇಡಿ, ಅದೇ ಚಿನ್ನ-ಕಪ್ಪನ್ನು ಇನ್ನೊಂದು ಹಾಕಿಕೊಳ್ಳಿ. ಹೆಚ್ಚು ಹೊತ್ತು ನೀರಲ್ಲಿರುವುದು ಅದೇ, ಬಂಡೆ ಸಂದಿಗೆ ಸಿಕ್ಕಿ ಮೊದಲು ಕಳೆದುಹೋಗುವುದೂ ಅದೇ. ಗುಶೈನಿಯ ಅಂಗಡಿಯಲ್ಲಿ ಆ ಹೊತ್ತಿಗೆ ಅದು ಸಿಗುತ್ತದೆ ಅನ್ನುವ ಭರವಸೆ ಇಲ್ಲ.